ಬಾರ್ಬಡೋಸ್‌ನಲ್ಲಿ ಒಲೆ ಇಲ್ಲದ ಕೋಣೆ

೨೦೨೨ರ ಅಕ್ಟೋಬರ್ ತಿಂಗಳು. ಹಾನಗಲ್ ಬಸ್ ನಿಲ್ದಾಣದ ಎದುರು ನಾನು ಮತ್ತು ನನ್ನ ಹೆಂಡತಿ ಗಿರಿಜಾ ನಡೆಸುತ್ತಿದ್ದ ಪ್ರವಾಸ ಕಚೇರಿಗೆ ಆಗ ಇಪ್ಪತ್ತನೆಯ ವರ್ಷ. ಎರಡು ಮೇಜು, ಒಂದು ಕಂಪ್ಯೂಟರ್, ಒಂದು ಪ್ರಿಂಟರ್. ನನ್ನ ಮೇಜು ಬಾಗಿಲ ಕಡೆ, ಅವಳದು ಒಳಗೆ. ಬಸ್ಸು, ರೈಲು, ವಿಮಾನದ ಟಿಕೆಟ್ ಮಾಡಿಕೊಡುವುದು, ವರ್ಷಕ್ಕೆ ಮೂರು ನಾಲ್ಕು ಸಲ ಕಾಶಿಗೋ ಶ್ರೀಶೈಲಕ್ಕೋ ಬಸ್ಸು ಹೊರಡಿಸುವುದು ನಮ್ಮ ಕೆಲಸ. ಹಾನಗಲ್, ಶಿಗ್ಗಾಂವ, ಸವಣೂರು, ಹಿರೇಕೆರೂರು ತಾಲೂಕುಗಳ ಜನ ನಮ್ಮ ಗಿರಾಕಿಗಳು.

ಗಿರಿಜಾ ತೀರಿಕೊಂಡು ಈಗ ಎರಡು ವರ್ಷವಾಯಿತು. ನಾನು ಓದಿದ್ದು ಹತ್ತನೆಯ ಇಯತ್ತೆ. ಬರೆಯುವ ರೂಢಿ ಇಲ್ಲ. ಆದರೂ ಒಂದು ಬುಕಿಂಗ್ ವಿಷಯ ಬರೆದಿಡಬೇಕು ಅನ್ನಿಸಿದೆ. ಅದು ನಾವಿಬ್ಬರೂ ಕೂಡಿ ಮಾಡಿದ ಕೊನೆಯ ದೊಡ್ಡ ಕೆಲಸ. ಅದರಲ್ಲಿ ನಾನು ಮಾಡಿದ ತಪ್ಪನ್ನು ಅವಳು ತಿದ್ದಿದಳು.

ಹಿರೇಕೆರೂರಿನಲ್ಲಿ ಬೀಜ, ಗೊಬ್ಬರದ ಅಂಗಡಿ ಇರುವ ಚನ್ನಬಸಪ್ಪ ಶೆಟ್ಟರು ಒಂದು ದಿನ ಬೆಳಿಗ್ಗೆ ಬಂದು ಕುಳಿತರು. ಅವರಿಗೆ ಅರವತ್ತು ತುಂಬಿತ್ತು. ಸಮಾರಂಭ, ಶಾಲು, ಹಾರ ಯಾವುದೂ ಬೇಡವೆಂದು ಮನೆಯಲ್ಲಿ ಹೇಳಿ ಬಂದಿದ್ದರು.

"ಮಾಂತೇಶಪ್ಪ, ನಾನು ನಮ್ಮ ಮನಿಯಾಕಿ ವೆಸ್ಟ್ ಇಂಡೀಸಿಗೆ ಹೋಗೂದೈತಿ."

"ಮ್ಯಾಚ್ ನೋಡಾಕೇನ್ರಿ?"

"ಮ್ಯಾಚ್ ಇಲ್ಲದಾಗ. ಮ್ಯಾಚ್ ಇದ್ರ ನಮ್ಮವ್ರು ಸೋಲ್ತಾರ, ನನಗ ಊಟ ಸೇರೂದಿಲ್ಲ. ಖಾಲಿ ಮೈದಾನ ಒಮ್ಮೆ ಕಣ್ಣಿಲೆ ನೋಡ್ಬೇಕು, ಸಮುದ್ರದಾಗ ಕಾಲಿಡ್ಬೇಕು, ಬರ್ಬೇಕು."

ಅವರ ತಂದೆಯ ಅಂಗಡಿಯಲ್ಲಿ ಒಂದು ಟ್ರಾನ್ಸಿಸ್ಟರ್ ಇತ್ತಂತೆ. ಅದರಲ್ಲಿ ಕ್ರಿಕೆಟ್ ಕಾಮೆಂಟರಿಯ ನಡುವೆ ಕೇಳಿದ ಬಾರ್ಬಡೋಸ್ ಎಂಬ ಹೆಸರು ಅವರ ತಲೆಯಲ್ಲಿ ಕುಳಿತಿತ್ತು. ವೆಸ್ಟ್ ಇಂಡೀಸ್ ಒಂದು ದೇಶವಲ್ಲ, ಕೆರಿಬಿಯನ್ ಸಮುದ್ರದಲ್ಲಿ ಚೆದುರಿದ ಹಲವು ದ್ವೀಪಗಳು ಎಂದು ನಾನು ಹೇಳಿದೆ. "ಬ್ಯಾರೇವು ಇರ್ಲಿ ಬಿಡು, ನನಗ ಬಾರ್ಬಡೋಸ್ ಸಾಕು" ಎಂದರು.

ಇಪ್ಪತ್ತು ವರ್ಷದಲ್ಲಿ ಆ ಕಡೆಗೆ ನಾನು ಒಂದು ಟಿಕೆಟ್ಟೂ ಮಾಡಿರಲಿಲ್ಲ. ಎರಡು ವಾರ ಓದಿಕೊಂಡೆ. ದ್ವೀಪದ ಉದ್ದ ಮೂವತ್ನಾಲ್ಕು ಕಿಲೋಮೀಟರು, ಹಾನಗಲ್ಲಿನಿಂದ ಹಾವೇರಿಗೆ ಹೋದಷ್ಟು. ಇಷ್ಟು ಸಣ್ಣ ಜಾಗದಲ್ಲಿ ಎಲ್ಲಿ ಉಳಿದರೇನು ಎಂದು ಮೊದಲು ತಿಳಿದಿದ್ದೆ. ಹಾಗಿರಲಿಲ್ಲ. ಪೂರ್ವಕ್ಕೆ ಅಟ್ಲಾಂಟಿಕ್ ಸಾಗರ. ಅಲ್ಲಿ ಅಲೆಗಳ ಅಬ್ಬರ ಹೆಚ್ಚು, ನೋಡಲು ಚೆಂದ, ಇಳಿದರೆ ಅಪಾಯ. ಪಶ್ಚಿಮಕ್ಕೆ ನೀರು ಕೆರೆಯ ಹಾಗೆ ಶಾಂತ, ದೊಡ್ಡ ರೆಸಾರ್ಟುಗಳೆಲ್ಲ ಆ ಕಡೆ. ದಕ್ಷಿಣದಲ್ಲಿ ಸಣ್ಣ ಹೋಟೆಲು, ಅಂಗಡಿ, ಬಸ್ಸು. ಶೆಟ್ಟರ ಮೈದಾನವಿರುವ ರಾಜಧಾನಿಯೂ ಅಲ್ಲಿಂದ ಹತ್ತಿರ.

ಉಳಿಯುವ ವ್ಯವಸ್ಥೆಯಲ್ಲೂ ಬಗೆಗಳಿವೆ. ಆಲ್ ಇನ್‌ಕ್ಲೂಸಿವ್ ಎಂದರೆ ಕೋಣೆ, ಊಟ, ಕುಡಿತ ಎಲ್ಲ ಒಂದೇ ದರದಲ್ಲಿ. ಸೆಲ್ಫ್ ಕೇಟರಿಂಗ್ ಎಂದರೆ ಅಡುಗೆಮನೆ ಇರುವ ಕೋಣೆ, ಬೇಯಿಸಿಕೊಳ್ಳುವುದು ನಮಗೆ ಬಿಟ್ಟದ್ದು. ಮೊದಲನೆಯದನ್ನು ಶೆಟ್ಟರು ಕೇಳಿದ ಕೂಡಲೇ ತಳ್ಳಿಹಾಕಿದರು. "ಕುಡಿಯೂದಿಲ್ಲ, ಮೀನ ತಿನ್ನೂದಿಲ್ಲ. ಎಲ್ಲಾ ಸೇರಿಸಿ ಏನ್ ಮಾಡ್ಲಿ?"

ನನಗೂ ಎರಡನೆಯದೇ ಬೇಕಿತ್ತು. ನಮ್ಮ ಭಾಗದಲ್ಲಿ ಪ್ರವಾಸ ಎಂದರೆ ಮೊದಲು ಊಟದ ಪ್ರಶ್ನೆ. ನಾನು ಹೊರಡಿಸುವ ಪ್ರತಿ ಬಸ್ಸಿನ ಡಿಕ್ಕಿಯಲ್ಲಿ ಎರಡು ಸಿಲಿಂಡರ್, ಮೂರು ಒಲೆ, ಹಿಟ್ಟಿನ ಚೀಲ ಇರುತ್ತಿದ್ದವು. ಒಬ್ಬ ಅಡುಗೆಯವ ಸಾರು, ಅನ್ನ ನೋಡಿಕೊಳ್ಳುತ್ತಿದ್ದ. ರೊಟ್ಟಿ, ಚಪಾತಿಗೆ ಬಸ್ಸಿನಲ್ಲಿದ್ದ ಹೆಣ್ಣುಮಕ್ಕಳು ಕೈ ಹಾಕುತ್ತಿದ್ದರು. ಯಾರೂ ಅವರಿಗೆ ಹೇಳುತ್ತಿರಲಿಲ್ಲ, ಅವರೇ ಎದ್ದು ಹೋಗುತ್ತಿದ್ದರು. 'ಎಲ್ಲಿಗೆ ಹೋದರೂ ನಮ್ಮ ಮನೆ ಊಟ' ಎಂದು ಅಂಗಡಿಯ ಬೋರ್ಡಿನ ಮೇಲೆ ಬರೆಸಿದ್ದೆ. ನನಗೆ ಗಿರಾಕಿಗಳು ಬರುತ್ತಿದ್ದದ್ದೇ ಆ ಸಾಲು ಓದಿ.

ಹಾಗಾಗಿ ಬಾರ್ಬಡೋಸಿನಲ್ಲೂ ಒಲೆಯನ್ನೇ ಹುಡುಕಿದೆ. ದಕ್ಷಿಣ ತೀರದಲ್ಲಿ ಒಂದು ಅಪಾರ್ಟ್‌ಮೆಂಟ್ ಸಿಕ್ಕಿತು. ನಾಲ್ಕು ಬರ್ನರಿನ ಗ್ಯಾಸ್, ಓವನ್, ಫ್ರಿಜ್, ಎದುರಿಗೇ ತರಕಾರಿ ಅಂಗಡಿ, ಮೈದಾನಕ್ಕೆ ನೇರ ಬಸ್ಸು. ಫೆಬ್ರವರಿ ಆರರಿಂದ ಹನ್ನೊಂದು ರಾತ್ರಿಗೆ ಬುಕ್ ಮಾಡಿದೆ. ಜನವರಿ ಇಪ್ಪತ್ತರವರೆಗೆ ಫ್ರೀ ಕ್ಯಾನ್ಸಲೇಷನ್, ಅಂದರೆ ಅಲ್ಲಿಯವರೆಗೆ ಏನೂ ಕಡಿತವಿಲ್ಲದೆ ರದ್ದು ಮಾಡಬಹುದು. ಶೆಟ್ಟರಿಗೆ ಫೋಟೊ ಕಳಿಸಿದೆ. "ಮಸ್ತ್ ಐತಿ" ಎಂದು ಉತ್ತರ ಬಂತು. ನನ್ನ ಲೆಕ್ಕದಲ್ಲಿ ಆ ಕೆಲಸ ಮುಗಿದಿತ್ತು.

ಲಂಡನ್ನಿನಲ್ಲಿ ವಿಮಾನ ಬದಲಿಸಲು ಬೇಕಾದ ವೀಸಾ ಅರ್ಜಿಗೆ ಸಹಿ ಮಾಡಲು ಗಂಡ ಹೆಂಡತಿ ಡಿಸೆಂಬರಿನಲ್ಲಿ ಒಮ್ಮೆ ಕೂಡಿ ಬಂದರು. ಶೆಟ್ಟರ ಫೋಟೊ ಅಳತೆಗೆ ಸರಿಯಿರಲಿಲ್ಲ. ಅವರು ಪಕ್ಕದ ಸ್ಟುಡಿಯೊಗೆ ಹೋದರು. ಅವರ ಹೆಂಡತಿ ನೀಲವ್ವ ನನ್ನ ಎದುರು ಕುಳಿತಿದ್ದರು. ನಾನು ಕಂಪ್ಯೂಟರನ್ನು ಅವರ ಕಡೆ ತಿರುಗಿಸಿ ಅಡುಗೆಮನೆಯ ಫೋಟೊ ತೋರಿಸಿದೆ.

"ನೋಡ್ರಿ ಅಕ್ಕಾರ, ನಾಕ್ ಒಲಿ. ನಿಮ್ಮ ಮನಿಯಾಗೂ ಇಷ್ಟ್ ಇರಾಕಿಲ್ಲ."

"ಛಲೋ ಐತ್ರಿ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಹಿಟ್ಟು ಎಷ್ಟ್ ಕಿಲೋ ಒಯ್ಯಾಕ ಬಿಡ್ತಾರ್ರಿ?" ಎಂದು ಕೇಳಿದರು.

ಒಬ್ಬರಿಗೆ ಇಪ್ಪತ್ಮೂರು ಕಿಲೋ ಲಗೇಜು, ಅದರಲ್ಲಿ ಹಿಟ್ಟು ಹತ್ತು ಕಿಲೋ ಇಟ್ಟುಕೊಂಡರೂ ನಡೆಯುತ್ತದೆ ಎಂದು ನಾನು ಹುರುಪಿನಿಂದ ಹೇಳುತ್ತಿದ್ದೆ. ಗಿರಿಜಾ ಒಳಗಿನ ಮೇಜಿನಿಂದ ಎದ್ದು ಕುರ್ಚಿ ಎಳೆದುಕೊಂಡು ಬಂದು ಅವರ ಪಕ್ಕ ಕುಳಿತಳು.

"ನೀಲಕ್ಕ, ಒಂದ್ ಮಾತ್ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಅಲ್ಲಿ ನಿಮಗ ಒಲಿ ಬೇಕೇನ್ರಿ?"

ನೀಲವ್ವ ಬಾಗಿಲ ಕಡೆ ಒಮ್ಮೆ ನೋಡಿದರು. "ಬ್ಯಾಡವಾ" ಎಂದರು.

ಆಮೇಲೆ ನಿಧಾನವಾಗಿ ಹೇಳಿದರು. ಹದಿನೆಂಟಕ್ಕೆ ಮದುವೆಯಾಗಿ ಬಂದವರು. ಮನೆಯವರು, ಅಂಗಡಿಯ ಆಳುಗಳು ಸೇರಿ ಹತ್ತು ಹನ್ನೆರಡು ಜನಕ್ಕೆ ದಿನವೂ ಬೇಯಿಸಿದವರು. ಕಾಶಿಗೆ ಹೋದಾಗಲೂ ಸಂಜೆ ಎಲ್ಲರೂ ದೀಪದಾರತಿಗೆ ಹೋದರೆ ಇವರು ಮತ್ತು ಇನ್ನೂ ಐದು ಜನ ಹೆಂಗಸರು ಛತ್ರದ ಅಂಗಳದಲ್ಲಿ ಚಪಾತಿ ಲಟ್ಟಿಸುತ್ತಿದ್ದರಂತೆ.

"ಗಂಗವ್ವನ ದೀಪ ನಾ ಕಾಣ್ಲಿಲ್ಲ. ಪಾತ್ರಿ ತೊಳದ ನೀರು ಹರಕೊಂಡ್ ಆ ಕಡೆ ಹೋಗಾಕತ್ತಿತ್ತು, ಅದನ್ನ ನೋಡಿದೆ" ಎಂದು ನಕ್ಕರು.

ಆ ಬಸ್ಸು ಹೊರಡಿಸಿದವನು ನಾನೇ. ೨೦೧೪ರ ಮಾಘ ಮಾಸ, ನಲವತ್ತೆರಡು ಜನ. ಊಟಕ್ಕೆ ಒಬ್ಬರೂ ಕೊಂಕು ತೆಗೆಯಲಿಲ್ಲವೆಂದು ವರ್ಷಗಟ್ಟಲೆ ಹೇಳಿಕೊಂಡು ತಿರುಗಿದ್ದೆ.

"ಮತ್ತ ಹೆಂಥಾ ಜಾಗಾ ಬೇಕ್ರಿ ನಿಮಗ?" ಗಿರಿಜಾ ಕೇಳಿದಳು.

"ಅದನ್ನ ಹೆಂಗ ಹೇಳ್ಬೇಕೋ ಗೊತ್ತಿಲ್ಲ ನೋಡವಾ. ಯಾರೂ ಕೇಳಿಲ್ಲ."

"ಅವಸರ ಏನಿಲ್ರಿ. ವಿಚಾರ ಮಾಡಿ ಫೋನ್ ಮಾಡ್ರಿ."

ಶೆಟ್ಟರು ಫೋಟೊ ಹಿಡಿದು ಬಂದರು, ಮಾತು ನಿಂತಿತು. ಅವರು ಹೋದ ಮೇಲೆ ನಾನು ಗಿರಿಜಾಳಿಗೆ ಸ್ವಲ್ಪ ಸಿಟ್ಟಿನಲ್ಲೇ ಅಂದೆ, ಗಂಡ ಒಪ್ಪಿದ್ದನ್ನು ಹೆಂಡತಿಯಿಂದ ಬದಲಿಸಿದರೆ ಗಿರಾಕಿ ಕೈಬಿಟ್ಟು ಹೋಗುತ್ತಾರೆ ಎಂದು. ಅವಳು, "ಅಲ್ಲಿ ಇರಾಕ ಹೋಗೋರು ಇಬ್ರು. ನೀವು ಒಬ್ರನ್ನ ಕೇಳೀರಿ" ಎಂದಳು.

ನೀಲವ್ವನ ಉತ್ತರ ಬರಲು ಮೂರು ವಾರ ಹಿಡಿಯಿತು. ಅದೂ ತುಂಡು ತುಂಡಾಗಿ. ಮೊದಲ ಫೋನಿನಲ್ಲಿ, ಅಡುಗೆಮನೆ ಕಣ್ಣಿಗೇ ಬೀಳಬಾರದು ಎಂದರು. ವಾರದ ನಂತರ, ಹೋಟೆಲಿನ ಹಾಗೆ ಪಟ್ಟಿ ಕೈಗೆ ಕೊಟ್ಟು ನಿಲ್ಲುವವರು ಬೇಡ, ಉಣ್ಣು ಬಾ ಎಂದು ಕರೆಯುವವರು ಇರಬೇಕು ಎಂದರು. ಮೂರನೆಯ ಸಲ, ಮೊಣಕಾಲು ನೋವಿದೆ, ಸಮುದ್ರಕ್ಕೆ ನಡೆದೇ ಹೋಗುವಷ್ಟು ಹತ್ತಿರ ಇರಲಿ ಎಂದರು. ಗಿರಿಜಾ ಮೂರನ್ನೂ ಹಳೆಯ ಟಿಕೆಟ್ಟಿನ ಹಿಂಬದಿಯಲ್ಲಿ ಬರೆದು ಕಂಪ್ಯೂಟರಿಗೆ ಅಂಟಿಸಿಕೊಂಡು ಹುಡುಕಿದಳು.

ಅದೇ ದಕ್ಷಿಣ ತೀರದಲ್ಲಿ ಐದು ಕೋಣೆಗಳ ಒಂದು ಗೆಸ್ಟ್‌ಹೌಸ್ ಸಿಕ್ಕಿತು. ಸಮುದ್ರಕ್ಕೆ ಆರು ನಿಮಿಷದ ನಡಿಗೆ. ಒಬ್ಬ ವಯಸ್ಸಾದ ಹೆಂಗಸು ಅದರ ಒಡತಿ. ಆ ದ್ವೀಪಗಳಲ್ಲಿ ಒಂದು ಪಂಥದವರು ಮಾಂಸ ಮುಟ್ಟುವುದಿಲ್ಲ, ಅವರ ಅಡುಗೆಗೆ ಐಟಲ್ ಎನ್ನುತ್ತಾರೆ. ಈಕೆ ಮಾಡುತ್ತಿದ್ದದ್ದು ಅದೇ ಅಡುಗೆ. ನಮ್ಮ ಸಂಜೆ ಏಳು ಅಂದರೆ ಅವರ ಬೆಳಿಗ್ಗೆ ಒಂಬತ್ತೂವರೆ. ಗಿರಿಜಾ ತಿಳವಳ್ಳಿಯಲ್ಲಿ ಕಲಿತ ಪಿಯುಸಿ ಇಂಗ್ಲಿಷಿನಲ್ಲಿ ಎರಡು ಸಂಜೆ ಆಕೆಯ ಜೊತೆ ಮಾತಾಡಿದಳು. ಬೇಳೆ ಯಾವುದು, ಎಣ್ಣೆ ಯಾವುದು, ಪಾತ್ರೆ ಬೇರೆಯೇ ಎಂದೆಲ್ಲ ಕೇಳಿದಳು. ಕೊನೆಗೆ ಇಬ್ಬರೂ ಮೊಣಕಾಲಿಗೆ ಏನು ಹಚ್ಚಬೇಕೆಂದು ಮಾತಾಡುತ್ತಿದ್ದರು.

ಜನವರಿ ಹದಿನೆಂಟಕ್ಕೆ ಶೆಟ್ಟರನ್ನೂ ನೀಲವ್ವನನ್ನೂ ಕರೆಸಿದೆವು. ರದ್ದು ಮಾಡಲು ಎರಡು ದಿನ ಉಳಿದಿತ್ತು. ಗಿರಿಜಾ ಗೆಸ್ಟ್‌ಹೌಸಿನ ವಿಷಯ ಹೇಳಿದಳು. ಶೆಟ್ಟರು ಪೂರ್ತಿ ಕೇಳಲೇ ಇಲ್ಲ.

"ಅಡಿಗಿ ಮನಿ ಇಲ್ಲಂದ್ರ ಹೆಂಗ? ಈಕಿ ಉಪಾಸ ಬೀಳ್ತಾಳ. ಬ್ಯಾರೇವ್ರ ಕೈಯಾನ ಊಟ ಈಕಿಗೆ ಸೇರೂದಿಲ್ಲ."

"ಅಕ್ಕಾರಿಗೇನ್ರಿ, ನಿಮಗೇನ್ರಿ?" ಎಂದಳು ಗಿರಿಜಾ.

ಶೆಟ್ಟರು ನನ್ನ ಮುಖ ನೋಡಿದರು. ನಿನ್ನ ಹೆಂಡತಿಗೆ ಸ್ವಲ್ಪ ಹೇಳು ಎನ್ನುವ ಹಾಗಿತ್ತು ಆ ನೋಟ. ನಾನು ಕಂಪ್ಯೂಟರ್ ನೋಡುತ್ತ ಕುಳಿತೆ.

"ನನಗ ಸೇರತೈತ್ರಿ" ಎಂದರು ನೀಲವ್ವ.

"ಎಂದ ತಿಂದಿ?"

"ತಿಂದಿಲ್ಲ. ತಿನ್ಬೇಕಂತ ಐತಿ."

ಶೆಟ್ಟರು ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು. "ಮತ್ತ ನಾ ಏನ್ ತಿನ್ಲಿ?" ಎಂದು ಕೇಳಿದರು. ದನಿಯಲ್ಲಿ ಜೋರು ಇರಲಿಲ್ಲ.

"ಖಡಕ್ ರೊಟ್ಟಿ ಬಡದು ಕಟ್ಟತೇನಿ. ಶೇಂಗಾ ಚಟ್ನಿ, ಕುರುಕಾಕ ಸವಣೂರ ಖಾರ. ಹನ್ನೊಂದ್ ದಿನ ಕುಂತ್ ತಿನ್ರಿ. ಅಲ್ಲಿ ಹ್ವಾದ ಮ್ಯಾಲ ಮಾತ್ರ ನಾ ಒಲಿ ಮ್ಯಾಲ ಹಂಚು ಇಡಂಗಿಲ್ಲ."

ಶೆಟ್ಟರು ಹೆಂಡತಿಯ ಮುಖವನ್ನು ಬಹಳ ಹೊತ್ತು ನೋಡಿದರು. ಕೊನೆಗೆ, "ಅಷ್ಟೆಲ್ಲಾ ಬಡೀಬ್ಯಾಡ, ಒಂದೀಟು ಅವರದೂ ತಿಂತೇನಿ" ಎಂದು ಟೋಪಿ ಹಾಕಿಕೊಂಡರು. "ರದ್ದ ಮಾಡಪ್ಪ ಅದನ್ನ."

ಫೆಬ್ರವರಿ ಐದಕ್ಕೆ ಹುಬ್ಬಳ್ಳಿಯಿಂದ ಹೊರಟರು. ಅಲ್ಲಿಗೆ ಮುಟ್ಟಿದ ನಾಲ್ಕನೆಯ ದಿನ, ನಮ್ಮ ಸಂಜೆಯ ಹೊತ್ತು, ನೀಲವ್ವನ ಫೋನು ಬಂತು. ಗಿರಿಜಾ ಸ್ಪೀಕರ್ ಹಾಕಿದಳು. ಖಾಲಿ ಮೈದಾನ ನೋಡಿ ಶೆಟ್ಟರು ಮೆಟ್ಟಿಲ ಮೇಲೆ ಅರ್ಧ ತಾಸು ಸುಮ್ಮನೆ ಕುಳಿತಿದ್ದರಂತೆ. ಸಮುದ್ರದ ನೀರು ಬೆಚ್ಚಗಿದೆಯಂತೆ.

"ಊಟರೀ?" ಗಿರಿಜಾ ಕೇಳಿದಳು.

"ಕುಂಬಳಕಾಯಿ, ಬ್ಯಾಳಿ, ಅನ್ನ. ಉಪ್ಪೂ ಇಲ್ಲ ಖಾರೂ ಇಲ್ಲ ನೋಡವಾ. ಇವ್ರು ಮ್ಯಾಲ ಸವಣೂರ ಖಾರ ಸುರುವಿಕೊಂಡು ಉಂಡ್ರು. ಆ ಮುದುಕಿನೂ ಒಂದ್ ಮುಕ್ಕು ಮುಕ್ಕಿದ್ಲು, ಮೂಗು ಒರಸ್ಕೊಂತ ಮತ್ತ ಕೇಳಿದ್ಲು."

"ನಿಮಗ ಸೇರ್ತೇನ್ರಿ?"

"ಬಿಸಿ ಇತ್ತವಾ" ಎಂದರು ನೀಲವ್ವ. "ಎಲ್ಲಾರಕಿಂತ ಮೊದಲ ನನಗ ಹಾಕಿದ್ರು. ಬಿಸಿ ಇದ್ದಾಗ ಕುಂತು ಉಂಡು ಎಷ್ಟ್ ವರ್ಷಾಗಿತ್ತು."

ಅವತ್ತು ಅಂಗಡಿಯ ಶಟರ್ ಎಳೆಯುವಾಗ ನಾನು ಗಿರಿಜಾಳನ್ನು ಕೇಳಿದೆ. "ನಿನಗ ಎಲ್ಲಿ ಹೋಗಿ ಇರ್ಬೇಕಂತ ಐತಿ?" ಮದುವೆಯಾಗಿ ಆಗ ಮೂವತ್ತೊಂದು ವರ್ಷ. ಸಾವಿರಾರು ಜನಕ್ಕೆ ಕೋಣೆ ಮಾಡಿಕೊಟ್ಟವನು ಅವಳಿಗೆ ಈ ಪ್ರಶ್ನೆ ಕೇಳಿದ್ದು ಅದೇ ಮೊದಲು. ಅವಳು ಬೀಗ ಹಾಕಿ, ಕೀಲಿ ಚೀಲದೊಳಗೆ ಇಟ್ಟುಕೊಂಡು, "ಈಗ ಕೇಳೀರಲ್ಲ, ವಿಚಾರ ಮಾಡಿ ಹೇಳ್ತೇನಿ" ಎಂದಳು.

ಏಪ್ರಿಲಿನಲ್ಲಿ ಅವಳಿಗೆ ಹೊಟ್ಟೆನೋವು ಶುರುವಾಯಿತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಆದ ಮೇಲೆ ಡಾಕ್ಟರು ನನ್ನನ್ನು ಒಬ್ಬನನ್ನೇ ಒಳಗೆ ಕರೆದರು. ಆಮೇಲಿನ ತಿಂಗಳುಗಳಲ್ಲಿ ಶಿಗ್ಗಾಂವ ದಾಟಿ ಹೋಗಿ ಬರುವ ಆ ದಾರಿ ನಮಗೆ ಮನೆಯ ಅಂಗಳದಷ್ಟು ಪರಿಚಯವಾಯಿತು. ಆಗಸ್ಟಿನಲ್ಲಿ ಒಂದು ಮಧ್ಯಾಹ್ನ, ವಾರ್ಡಿನಲ್ಲಿ ಕಣ್ಣು ಮುಚ್ಚಿ ಮಲಗಿದ್ದವಳು ತಾನಾಗಿಯೇ ಅಂದಳು, "ಸಮುದ್ರ ಬ್ಯಾಡ. ಸಪ್ಪಳ ಭಾಳ."

ಯಾವುದರ ಮಾತು ಎಂದು ತಿಳಿಯಲು ನನಗೆ ಒಂದು ಕ್ಷಣ ಬೇಕಾಯಿತು. "ಮತ್ತ?" ಎಂದೆ.

"ನೋಡೂಣು. ಇನ್ನೂ ವಿಚಾರ ಮಾಡಾಕತ್ತೇನಿ."

ಅಕ್ಟೋಬರಿನಲ್ಲಿ ಅವಳು ಹೋದಳು. ಉಳಿದದ್ದನ್ನು ಹೇಳಲಿಲ್ಲ. ನಾನೂ ಎರಡನೆಯ ಸಲ ಕೇಳಲಿಲ್ಲ, ಕೇಳಿದರೆ ಅವಸರ ಮಾಡಿದ ಹಾಗಾಗುತ್ತದೆಂದು ಹೆದರಿದ್ದೆ.

ಅಂಗಡಿ ಈಗಲೂ ನಡೆದಿದೆ. ಬಸ್ಸಿಗೆ ಇಬ್ಬರು ಅಡುಗೆಯವರನ್ನು ಇಟ್ಟಿದ್ದೇನೆ, ಪ್ರವಾಸಕ್ಕೆ ಬಂದ ಯಾರನ್ನೂ ಒಲೆಯ ಹತ್ತಿರ ಬಿಡುವುದಿಲ್ಲ. ಗಂಡ ಹೆಂಡತಿ ಕೂಡಿ ಬಂದರೆ ಇಬ್ಬರಿಗೂ ಬೇರೆ ಬೇರೆ ಹಾಳೆ ಕೊಟ್ಟು, ಉಳಿಯುವ ಜಾಗ ಹೇಗಿರಬೇಕೆಂದು ಕೇಳುತ್ತೇನೆ. ಗಂಡಸರು ನಿಂತಲ್ಲೇ ಬರೆದುಕೊಡುತ್ತಾರೆ. ಹೆಂಗಸರಲ್ಲಿ ಹೆಚ್ಚಿನವರು ಖಾಲಿ ಹಾಳೆಯನ್ನು ಹಾಗೇ ತಿರುಗಿಸಿ ಕೊಟ್ಟು, "ಇವ್ರು ಹೇಳಿದಂಗ ಮಾಡ್ರಿ" ಎನ್ನುತ್ತಾರೆ. ನಾನು ತೆಗೆದುಕೊಳ್ಳುವುದಿಲ್ಲ. ಮನೆಗೆ ಒಯ್ಯಿರಿ, ನಿಧಾನವಾಗಿ ಬರೆದು ಕಳಿಸಿರಿ ಎನ್ನುತ್ತೇನೆ. ಎಂದೂ ಯಾರೂ ಕೇಳದವರಲ್ಲಿ ಉತ್ತರ ಸಿದ್ಧವಾಗಿ ಇರುವುದಿಲ್ಲ, ಅದು ಒಳಗೆ ಹುಟ್ಟಲು ದಿನ ಹಿಡಿಯುತ್ತದೆ. ಆ ದಿನಗಳು ಕೈಯಲ್ಲಿ ಇರುವಾಗಲೇ ಕೇಳಬೇಕು. ಈ ಉದ್ಯೋಗ ನನಗೆ ಕಲಿಸಿದ್ದು ಇಷ್ಟು. ಗಿರಿಜಾಳ ವಿಷಯದಲ್ಲಿ ನನಗೆ ಗೊತ್ತಿರುವುದು ಒಂದೇ, ಅವಳಿಗೆ ಸಮುದ್ರ ಬೇಡವಾಗಿತ್ತು.