ಅತ್ತೆಯ ಗಂಟಲಿನ ಮುಳ್ಳು

ಮದುವೆಯಾಗಿ ಬರುವತನಕ ನಾನು ಮೀನನ್ನು ಕೈಯಲ್ಲಿ ಹಿಡಿದವಳೇ ಅಲ್ಲ. ನನ್ನ ತವರು ನಿಂಬರ್ಗಾ. ಎತ್ತ ನೋಡಿದರೂ ತೊಗರಿ, ಜೋಳ. ಕೊಟ್ಟದ್ದು ಕರಜಗಿಯ ಆಚೆಗೆ, ಭೀಮಾ ದಂಡೆಯ ಊರಿಗೆ. ಅಲ್ಲಿ ವಾರಕ್ಕೆ ಎರಡು ಸಲವಾದರೂ ಹೊಳೆಯಿಂದ ಮೀನು ಬರುತ್ತಿತ್ತು.

ಕಲಿಸಿದವಳು ಅತ್ತೆ. ಅಂಗಳದಲ್ಲಿ ಈಳಿಗೆ ಮಣೆ ಹಾಕಿಕೊಂಡು ಕೂರುತ್ತಿದ್ದಳು. ಜಾರದಂತೆ ಕೈಗೆ ಬೂದಿ ಹಚ್ಚಿಕೊಂಡು ಬಾಲದ ಕಡೆಯಿಂದ ಹುರುಪೆ ಕೆರೆಯುವಳು. ಹೊಟ್ಟೆ ಸೀಳುವಾಗ ಮಾತ್ರ ಉಸಿರು ಹಿಡಿಯುವಳು. ಪಿತ್ತದ ಚೀಲ ಒಡೆದರೆ ಇಡೀ ಮೀನು ಕಹಿ. ಆಮೇಲೆ ಬೆನ್ನೆಲುಬಿನ ಗುಂಟ ಈಳಿಗೆಗೆ ಒತ್ತಿ ಎಳೆದಳೆಂದರೆ ಮೀನು ಎರಡು ಹೋಳಾಗಿ, ಬೆನ್ನೆಲುಬು ಬಾಚಣಿಗೆಯ ಹಾಗೆ ಬೇರೆಯಾಗಿ ಬರುತ್ತಿತ್ತು. ನಿಜವಾದ ಕೆಲಸ ಇರುವುದು ಅದರ ಮುಂದೆಯೇ. ದೊಡ್ಡ ಹುರುಪೆಯ ಹೊಳೆಮೀನಿನ ಮಾಂಸದೊಳಗೆ ಕವಲೊಡೆದ ಕೂದಲಿನಂಥ ಮುಳ್ಳುಗಳಿರುತ್ತವೆ. ಹಸಿಯಲ್ಲಿ ಎಲ್ಲವೂ ಬರುವುದಿಲ್ಲ. ಅರಿಶಿನ, ಉಪ್ಪು ಹಾಕಿ ಒಂದು ಕುದಿ ಕುದಿಸಿ, ಎಸಳು ಎಸಳಾಗಿ ಬಿಡಿಸಿ ತೆಗೆಯಬೇಕು.

"ಮುಳ್ಳ ಕಣ್ಣಿಗೆ ಕಾಣಂಗಿಲ್ಲ ಬೇ," ಅನ್ನುತ್ತಿದ್ದಳು. "ಬೆರಳಿಗೆ ಹತ್ತತದ. ಉಲ್ಟಾ ಸವರಿ ನೋಡು."

ನನ್ನ ಮಗಳು ಹುಟ್ಟಿದ ಮೇಲೆ ಅತ್ತೆ ಅವಳಿಗೆಂದು ಹೀಗೆ ಬಿಡಿಸಿ ತಾನೇ ತುತ್ತು ಮಾಡಿ ಹಾಕುತ್ತಿದ್ದಳು. ಕಣ್ಣಿಗೆ ಪೊರೆ ಬಂದು ಬೆರಳೂ ನಡುಗತೊಡಗಿದಾಗ ಒಂದು ದಿನ ಈಳಿಗೆಯನ್ನು ನನ್ನ ಕಡೆ ಸರಿಸಿದಳು. "ಇನ್ನ ನೀನ ತೆಗಿ" ಅಂದಳು. ಅಂದಿನಿಂದ ಏಳೆಂಟು ವರ್ಷ ಮನೆಮಂದಿಗೆಲ್ಲ ಮುಳ್ಳು ತೆಗೆದುಕೊಟ್ಟವಳು ನಾನೇ. ಯಾರೂ ಒಮ್ಮೆಯೂ ಕೆಮ್ಮಿದ್ದಿಲ್ಲ.

ಒಂದು ಐತವಾರ ಮಧ್ಯಾಹ್ನ ಉಣ್ಣುತ್ತ ಕೂತ ಅತ್ತೆ ತುತ್ತು ಅರ್ಧಕ್ಕೇ ನಿಲ್ಲಿಸಿದಳು. ಕುತ್ತಿಗೆ ಹಿಡಿದುಕೊಂಡು, "ಮುಳ್ಳ ಸಿಕ್ತು" ಅಂದಳು. ಒಣ ರೊಟ್ಟಿಯ ತುತ್ತು ನುಂಗಿಸಿದೆವು, ಬಾಳೆಹಣ್ಣು ಕೊಟ್ಟೆವು. ಹೋಗಲಿಲ್ಲ. ನಾನು ಅವಳ ತಾಟಿನಲ್ಲಿ ಉಳಿದ ಮೀನನ್ನೆಲ್ಲ ಹಿಸುಕಿ ನೋಡಿದೆ. ಒಂದೂ ಸಿಗಲಿಲ್ಲ. ಆದರೆ ಸಿಗದ್ದು ಒಳಗೇ ಹೋಗಿರಬಹುದಲ್ಲ?

ಹಿಂದಿನ ಓಣಿಯ ಮುದುಕರೊಬ್ಬರು ನೀರು ಮಂತ್ರಿಸಿ ಕೊಟ್ಟರು. ಅಫಜಲಪುರದ ಡಾಕ್ಟರರು ಬ್ಯಾಟರಿ ಹಾಕಿ ನೋಡಿ, ಏನೂ ಕಾಣುವುದಿಲ್ಲವೆಂದು ಬಾಯಿ ಮುಕ್ಕಳಿಸುವ ಔಷಧ ಕೊಟ್ಟರು. ಮೂರು ತಿಂಗಳಲ್ಲಿ ಅತ್ತೆಯ ದನಿ ಒಡೆಯಿತು. ರೊಟ್ಟಿ ಬಿಟ್ಟಳು, ಅನ್ನ ಬಿಟ್ಟಳು, ಅಂಬಲಿಗೆ ಬಂದು ನಿಂತಳು. ಆಗ ಸೊಲ್ಲಾಪುರಕ್ಕೆ ಕರೆದೊಯ್ದೆವು. ಅಲ್ಲಿ ಗಂಟಲಿನ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿ, ವಾರ ಬಿಟ್ಟು ಬರಲು ಹೇಳಿದರು.

ಎರಡನೆಯ ಸಲ ಹೋದಾಗ ನನ್ನ ಗಂಡ ಒಬ್ಬರೇ ಡಾಕ್ಟರರ ಕೋಣೆಗೆ ಹೋದರು. ಹೊರಗೆ ಬಂದು ನನ್ನ ಪಕ್ಕದ ಬಾಕಿನ ಮೇಲೆ ಕೂತರು. ಅತ್ತೆ ಅಷ್ಟು ದೂರದಲ್ಲಿ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು.

"ಮುಳ್ಳಲ್ಲ," ಅಂದರು ಅವರು. "ಗಂಟಲದಾಗ ಗಡ್ಡಿ ಆಗ್ಯಾದ. ಕ್ಯಾನ್ಸರ್. ಭಾಳ ಬೆಳದದಂತ. ಏನೂ ಮಾಡಾಕ ಬರಂಗಿಲ್ಲಂತ."

ಹೇಳಲು ನಾಚಿಕೆಯಾಗುತ್ತದೆ. ಅದನ್ನು ಕೇಳಿದಾಗ ನನಗೆ ಮೊದಲು ಆದದ್ದು ದುಃಖವಲ್ಲ. ನನ್ನ ಕೈಯದಲ್ಲ, ನನ್ನ ಕೈಯದಲ್ಲ ಅಂತ ಒಳಗೊಳಗೇ ಅಂದುಕೊಂಡೆ.

"ಅವ್ವಗ ಹೇಳಬ್ಯಾಡ," ಅಂದರು. "ಆ ರೋಗದ ಹೆಸರ ಕೇಳಿದ್ರ ಇಲ್ಲೇ ಕುಸಿತಾಳ. ಯಾರಿಗೂ ಹೇಳೂದು ಬ್ಯಾಡ. ಮುಳ್ಳಂತನ ತಿಳ್ಕೊಂಡಿರ್ಲಿ."

"ನನ್ನ ಮ್ಯಾಲ ಬರ್ತದಲ್ರಿ?"

"ಎಷ್ಟ ದಿನದ ಮಾತು" ಅಂದು ಎದ್ದರು. ನಾನು ಹೂಂ ಅಂದೆ.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಮಗನನ್ನು ಕೇಳಿದಳು, "ಏನಂದ್ರು ಡಾಕ್ಟರ್?"

"ಮುಳ್ಳ ಒಳಗ ನಟ್ಟಾದಂತ. ಔಷಧ ತಗೊಂಡ್ರ ಕರಗತದಂತ."

ಅತ್ತೆ ತಿರುಗಿ ನನ್ನನ್ನು ನೋಡಿದಳು. ನಾನು ಕಿಟಕಿಯ ಕಡೆ ಮುಖ ಮಾಡಿದೆ.

ನೋಡಲು ಬಂದವರಿಗೆಲ್ಲ ಅತ್ತೆ ಒಡೆದ ದನಿಯಲ್ಲಿ ಹೇಳುತ್ತಿದ್ದಳು, "ಸೊಸಿ ಕೈಯಾಂದು." ಜೇವರ್ಗಿಗೆ ಕೊಟ್ಟಿದ್ದ ನಾದಿನಿ ಬಂದವಳು ನನ್ನನ್ನು ಅಡುಗೆಮನೆಗೆ ಕರೆದು, "ಎರಡ ಮುಳ್ಳ ನೋಡಿ ತೆಗಿಲಾಕ ಬರಲಿಲ್ಲೇನ ಬೇ ನಿನಗ?" ಅಂದಳು. ಗಂಡ ಬಾಗಿಲಲ್ಲೇ ಇದ್ದರು. ನಾನು ಅವರ ಮುಖ ನೋಡಿದೆ. ಅವರು ಟಾವೆಲ್ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದರು.

ಇಷ್ಟಾದರೂ ಅತ್ತೆಗೆ ಬೇಕಾದದ್ದು ಮೀನೇ. ಬಾಯಿಗೆ ಬೇರೆ ಯಾವ ರುಚಿಯೂ ಹತ್ತುತ್ತಿರಲಿಲ್ಲ. ನಾನು ಬೆಳಿಗ್ಗೆಯೇ ಕುದಿಸಿ ಬಿಸಿಲಿಗೆ ಕೂತು ಎಸಳೆಸಳು ಬಿಡಿಸುತ್ತಿದ್ದೆ. ಬೆರಳಿಗೆ ಹತ್ತಿದ್ದನ್ನೆಲ್ಲ ತೆಗೆದು, ಅರೆದು, ತೆಳುವಾದ ಅರಿವೆಯಲ್ಲಿ ಸೋಸಿ ಬಟ್ಟಲಿಗೆ ಹಾಕಿ ಕೊಡುತ್ತಿದ್ದೆ. ಗಂಜಿಯಷ್ಟು ನುಣ್ಣಗೆ. ಅತ್ತೆ ಅದಕ್ಕೂ ಕೈ ಹಾಕಿ ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ತಿಕ್ಕಿ ನೋಡುವಳು. ಒಂದು ಚಮಚ ಒಳಗೆ ಹೋದರೆ ಅರ್ಧ ಮೂಗಿನಿಂದ ಬರುತ್ತಿತ್ತು. ಒರೆಸಿ ಮತ್ತೆ ಒಂದು ಚಮಚ.

ಒಂದು ದಿನ ಹಾಗೆ ತಿಕ್ಕಿ ನೋಡಿ ಬಟ್ಟಲನ್ನು ಕೆಳಗಿಟ್ಟಳು. ಮೈಯಲ್ಲಿ ಎಲುಬು ಬಿಟ್ಟರೆ ಏನೂ ಉಳಿದಿರಲಿಲ್ಲ.

"ಇದರಾಗ ಒಂದೂ ಮುಳ್ಳಿಲ್ಲ," ಅಂದಳು. "ಅವತ್ತ ಯಾಕ ಹಿಂಗ ತೆಗಿಲಿಲ್ಲ ಬೇ?"

ಮಾತು ನಾಲಿಗೆಯ ತುದಿಗೆ ಬಂದಿತ್ತು. ಆ ಮಾತು ಹೇಳಿದರೆ ನಾನು ಗೆಲ್ಲುತ್ತಿದ್ದೆ, ಅವಳು ಸಾಯುತ್ತೇನೆಂದು ತಿಳಿದು ಸಾಯುತ್ತಿದ್ದಳು.

"ತಪ್ಪಾತ್ರಿ ಅತ್ತಿ" ಅಂದೆ.

ಕ್ಷಮಿಸುತ್ತಾಳೆ ಅಂದುಕೊಂಡಿದ್ದೆನೋ ಏನೋ. ಅವಳು ಗೋಡೆಯ ಕಡೆ ಹೊರಳಿದಳು. ಆಮೇಲೆ ಹನ್ನೊಂದು ದಿನ ಬದುಕಿದ್ದಳು. ನನ್ನ ಕೈಯಿಂದ ನೀರನ್ನೂ ತೆಗೆದುಕೊಳ್ಳಲಿಲ್ಲ. ಮಗ ಹನಿಸಬೇಕಿತ್ತು.

ದಿನಕರ್ಮ ಮುಗಿಸಿಕೊಂಡು ಹೋಗುವಾಗ ನಾದಿನಿ ನನ್ನನ್ನು ಮಾತಾಡಿಸಲಿಲ್ಲ. ಊರಲ್ಲೂ ಅದೇ ಮಾತು ನಿಂತಿತು. ಮದುವೆ ಮುಂಜಿಗಳಲ್ಲಿ ನಾನು ಬಡಿಸಲು ಹೋದರೆ ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಈಗಲಾದರೂ ಖರೆ ಹೇಳಿ ಎಂದು ಗಂಡನಿಗೆ ಒಮ್ಮೆಯಲ್ಲ, ನಾಲ್ಕು ಸಲ ಕೇಳಿದೆ.

"ಈಗ ಹೇಳಿ ಏನ್ ಮಾಡ್ತಿ?" ಅಂದರು. "ಹೆತ್ತ ತಾಯಿಗೆ ಸುಳ್ಳ ಹೇಳಿದೆ ಅಂತ ನಾ ತಂಗಿ ಮುಂದ ನಿಂದ್ರಬೇಕೇನು?"

ತೊಂಬತ್ತರ ದಶಕದ ಆರಂಭದಲ್ಲಿ ಅವರೂ ಹೋದರು, ಹೊಲದಲ್ಲಿ, ಒಂದೇ ಗಳಿಗೆಯಲ್ಲಿ. ಸೊಲ್ಲಾಪುರದ ಆಸ್ಪತ್ರೆಯ ಕಾಗದ ಎಲ್ಲಾದರೂ ಇದ್ದೀತೆಂದು ನಾನು ಸಂದೂಕದ ತಳದತನಕ ಹುಡುಕಿದೆ. ಅವ್ವನ ಕೈಗೆ ಸಿಗಬಾರದೆಂದು ಅಂದೇ ಹರಿದಿದ್ದರೇನೋ. ಇರಲಿಲ್ಲ.

ಮರುವರ್ಷ ನಾದಿನಿಯ ಮಗಳ ಮದುವೆಗೆ ಜೇವರ್ಗಿಗೆ ಹೋದೆ. ಹಿತ್ತಲಲ್ಲಿ ಅವಳೊಬ್ಬಳೇ ಸಿಕ್ಕಾಗ ಎಲ್ಲವನ್ನೂ ಹೇಳಿದೆ, ಬಾಕಿನ ಮೇಲೆ ಆಡಿದ ಮಾತಿನಿಂದ ಹಿಡಿದು. ಅವಳು ನಡುವೆ ಬಾಯಿ ಹಾಕದೆ ಪೂರಾ ಕೇಳಿದಳು.

"ಅಣ್ಣ ಇದ್ದಾಗ ಯಾಕ ಹೇಳಲಿಲ್ಲ ನೀನು?" ಅಂದಳು. "ಈಗ ಸತ್ತವನ ಮ್ಯಾಲ ಹಾಕಬ್ಯಾಡ."

ಆಮೇಲೆ ಸೆರಗು ಸಿಕ್ಕಿಸಿಕೊಂಡು, "ಮಂದಿ ಊಟಕ್ಕ ಕುಂತಾರ, ಬಾ" ಅಂದು ಒಳಗೆ ನಡೆದಳು. ನಾನು ಹೋಗಿ ನೀರಿನ ಕೊಡ ಎತ್ತಿಕೊಂಡೆ. ಬಡಿಸಲು ಮಾತ್ರ ಯಾರೂ ಕರೆಯಲಿಲ್ಲ.