ಅಳತೆ ಓದುವವಳು

ಲೇತ್ ಮಷೀನಿನ ಮುಂದೆ ಮೂವತ್ತು ವರ್ಷ ನಿಂತವನಿಗೆ ಗಿರಾಕಿಗಳು ಇಟ್ಟ ಹೆಸರು ‘ಕೂದಲೆಳೆ ಅಣ್ಣ’. ಅವನು ಕಡೆದುಕೊಟ್ಟ ಶಾಫ್ಟು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗುವುದಿಲ್ಲ ಎಂಬ ಖ್ಯಾತಿ. ಅವನೂ ಯಾರಾದರೂ ಹೊಗಳಿದರೆ ಬೇಡವೆನ್ನುವ ಪೈಕಿಯಲ್ಲ. ಆದರೆ ಎರಡು ವರ್ಷದಿಂದ ಅವನ ಕಣ್ಣಿನ ನರ ಸೊರಗುತ್ತಿತ್ತು. ಕನ್ನಡಕದಿಂದ ಆಗುವಂಥದ್ದಲ್ಲ ಎಂದು ಡಾಕ್ಟರು ಕೈಚೆಲ್ಲಿದ್ದರು. ಅಳತೆ ನೋಡುವ ಮೈಕ್ರೋಮೀಟರಿನ ಗೆರೆಗಳೆಲ್ಲ ಬರೀ ಮಬ್ಬು. ಗುಟ್ಟು ಮಗಳೊಬ್ಬಳಿಗೇ ಗೊತ್ತು, ಹೆಂಡತಿಗೂ ಹೇಳಿರಲಿಲ್ಲ. ಸಂಜೆ ಮಗಳು ಕಾಲೇಜಿನಿಂದ ಬಂದು, ಮನೆಗೆ ಅಂಟಿಕೊಂಡ ಶೆಡ್ಡಿನಲ್ಲಿ ಅಳತೆ ಓದುತ್ತಿದ್ದಳು. ಅವಳು ಹೇಳಿದಂತೆ ಅವನು ಕೊನೆಯ ಪದರ ತೆಗೆಯುತ್ತಿದ್ದ. ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿ ಎಂದು ತಾನೇ ನಗುತ್ತಿದ್ದ.

ಈಗ ಅವಳ ಎಂಜಿನಿಯರಿಂಗ್ ಸೀಟಿನ ಆಯ್ಕೆ ಪಟ್ಟಿಗೆ ಇವತ್ತು ಸಂಜೆ ಐದು ಗಂಟೆಯ ಗಡುವು. ಎರಡರಲ್ಲಿ ಯಾವ ಕಾಲೇಜನ್ನು ಮೊದಲು ಬರೆದರೂ ಅದೇ ಸಿಗುವಂಥ ಅಂಕ. ಒಂದು, ಬಸ್ಸಿನಲ್ಲಿ ಒಂದು ಗಂಟೆ ದೂರದ ವಿಶ್ವವಿದ್ಯಾಲಯ, ಅಲ್ಲಿ ಸಿವಿಲ್. ಇನ್ನೊಂದು, ರೈಲಿನಲ್ಲಿ ಎರಡು ದಿನ ಕೂತರೆ ಸಿಗುವ ಸಮುದ್ರದ ಸೀಮೆಯದು. ಅಲ್ಲಿ ಹಡಗು ಕಟ್ಟುವ ಎಂಜಿನಿಯರಿಂಗ್. ಎಂಟನೇ ತರಗತಿಯಿಂದ ಅವಳಿಗೆ ಹಡಗಿನದೇ ಜಪ. “ನಿನ್ನಿಷ್ಟ ಕಣಮ್ಮ” ಎಂದು ಅವನು ಬಾಯಿಮಾತಿಗೆ ಹೇಳಿದ್ದ. ಹೊಟ್ಟೆಯೊಳಗೆ ಮಾತ್ರ ಹತ್ತಿರದ್ದೇ ಆಗಲಿ ಎಂಬ ಆಸೆ ಕೊರೆಯುತ್ತಿತ್ತು. ಅವಳು ಹೋದರೆ ಅವನ ಕೆಲಸವೂ ಹೋದಂತೆಯೇ.

ನಾಲ್ಕು ಗಂಟೆಗೆ ಕೈ ಒರೆಸುವ ಬಟ್ಟೆ ತಡಕುತ್ತ ಡ್ರಿಲ್ಲಿಂಗ್ ಮಷೀನಿನ ಹಿಂದೆ ಕೈ ಹಾಕಿದಾಗ ಡಬ್ಬವೊಂದು ಸಿಕ್ಕಿತು. ಒಳಗೆ ಶಾಫ್ಟಿಗೆ ತೊಡಿಸುವ ಹಿತ್ತಾಳೆಯ ಬುಷ್‌ಗಳು, ಹನ್ನೊಂದು. ಬೆರಳಾಡಿಸಿದ. ಕಡೆದ ಕೈ ತನ್ನದೇ. ಒಂದನ್ನು ಮಾದರಿಯ ಶಾಫ್ಟಿಗೆ ತೊಡಿಸಿದ; ಸಡಿಲವಾಗಿ ಅಲ್ಲಾಡಿತು. ಇನ್ನೊಂದೂ ಅಷ್ಟೇ.

“ಇದೇನೇ?”

ಬಾಗಿಲಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದ ಮಗಳು ತಲೆ ತಗ್ಗಿಸಿದಳು. “ಅಳತೆ ಮೀರಿದ್ವಪ್ಪ. ನಿಂಗೆ ಬೇಜಾರಾಗ್ಬಾರ್ದು ಅಂತ ನಾನೇ ಸರಿಯಾಗಿದೆ ಅಂದ್ಬಿಟ್ಟೆ.”

“ಮತ್ತೆ ಗಿರಾಕಿಗೆ ಹೋಗಿದ್ದು?”

“ಬೆಳಿಗ್ಗೆ ನೀನು ಟೀ ಕುಡಿಯೋಕೆ ಹೋದಾಗ ನಾನೇ ಲೇತಲ್ಲಿ ಹೊಸದಾಗಿ ಕಡೆದಿಡ್ತಿದ್ದೆ.”

ಆ ಟೀ ಅಂಗಡಿಯಲ್ಲಿ ಕೂತೇ ಅವನು ತನ್ನ ಕೈಗುಣದ ಬಗ್ಗೆ ಕೊಚ್ಚಿಕೊಳ್ಳುತ್ತಿದ್ದದ್ದು. ಅವಮಾನದಿಂದ ಮುಖ ಬಿಸಿಯಾಯಿತು.

“ಪಟ್ಟೀಲಿ ಮೊದಲು ಯಾವ್ದು ಬರ್ದಿದೀಯ?”

“ಹತ್ತಿರದ್ದೇ. ದಿನಾ ಸಂಜೆ ಬಂದ್ಬಿಡಬಹುದು.”

ಒಂದು ಕ್ಷಣ ಜೀವಕ್ಕೆ ಹಾಯೆನಿಸಿತು. ಹಾಯೆನಿಸಿತಲ್ಲ ಎಂದು ಮರುಕ್ಷಣವೇ ತನ್ನ ಮೇಲೆ ಹೇಸಿಗೆಯಾಯಿತು.

ಅಷ್ಟರಲ್ಲಿ ಪಂಪ್ ರಿಪೇರಿಯವನು ಗೋಣಿಯಲ್ಲಿ ಸುತ್ತಿದ ಶಾಫ್ಟು ತಂದು ಮೇಜಿನ ಮೇಲಿಟ್ಟ. ಊರ ಸುದ್ದಿಯನ್ನೆಲ್ಲ ಬಾಯಲ್ಲೇ ಹೊತ್ತು ತಿರುಗುವ ಆಸಾಮಿ. “ಅಣ್ಣಾ, ನಾಳೆಗೆ ಬೇಕು.”

“ಇನ್ಮೇಲೆ ನನ್ನ ಹತ್ರ ತರಬೇಡಪ್ಪ. ನಂಗೆ ಕಣ್ಣು ಕಾಣಲ್ಲ. ಎರಡು ವರ್ಷ ಆಯ್ತು.”

ಬಂದವನು ನಕ್ಕ. ಬೇರೆ ಯಾರೂ ನಗದಿದ್ದಾಗ ಶಾಫ್ಟನ್ನು ಮತ್ತೆ ಗೋಣಿಗೆ ಸುತ್ತಿ, ಮೆಲ್ಲಗೆ ಹೊರಟ. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗುತ್ತದೆ. ಗೊತ್ತಾಗಲೆಂದೇ ಅವನಿಗೆ ಹೇಳಿದ್ದು.

“ಅಪ್ಪಾ, ಏನ್ ಮಾಡ್ಬಿಟ್ಟೆ!”

“ಇನ್ನು ಇಲ್ಲಿ ಓದೋಕೆ ಯಾವ ಅಳತೆನೂ ಇಲ್ಲ. ಪಟ್ಟಿ ತಿದ್ದು.”

ಅವಳು ಹಟ ಹಿಡಿಯುತ್ತಾಳೆ, ಅಳುತ್ತಾಳೆ ಎಂದು ಎರಡಕ್ಕೂ ಗದರಿಕೆಯನ್ನು ನಾಲಿಗೆಯ ತುದಿಯಲ್ಲಿ ಸಿದ್ಧಮಾಡಿಕೊಂಡು ನಿಂತಿದ್ದ. ಕೇಳಿಸಿದ್ದು ಕೀಲಿಗಳ ಎರಡು ಟಕ್ ಟಕ್.

“ಆಯ್ತಪ್ಪ” ಎಂದಳು. ಎರಡು ವರ್ಷದಲ್ಲಿ ಅವಳ ದನಿ ಇಷ್ಟು ಹಗುರವಾಗಿದ್ದನ್ನು ಅವನು ಕೇಳಿರಲಿಲ್ಲ.

ಅವನು ಮಷೀನಿನ ಕಡೆ ಮುಖ ತಿರುಗಿಸಿ, ಒರೆಸಿದ್ದನ್ನೇ ಒರೆಸುತ್ತ ನಿಂತ. ಅವಳು ಒಂದು ಸಲವಾದರೂ ಹೋಗಲ್ಲ ಅನ್ನಬಹುದಿತ್ತು.