ಕಲ್ಮುರ್ಜಾ ಕಿಸೆಗೆ ಹಾಕಿಕೊಂಡ ಬೀಗದ ಕೈ

ಸಾರಿ-ತಾಶ್‌ನಲ್ಲಿ ಕಲ್ಮುರ್ಜಾನ ಹೆಸರೆತ್ತಿದರೆ ಸಾಕು, ಚಹಾ ಕುಡಿಯುತ್ತ ಕೂತವರೆಲ್ಲ ಗೌರವದಿಂದ ಎದೆಯ ಮೇಲೆ ಕೈಯಿಡುತ್ತಾರೆ. ನಾನು ಇಡುವುದಿಲ್ಲ. ನನ್ನ ಗಾಡಿಯ ಬೀಗದ ಕೈಯನ್ನು ನನ್ನ ಕಣ್ಣೆದುರೇ ಕಿಸೆಗೆ ಹಾಕಿಕೊಂಡ ಮನುಷ್ಯ ಅವನು. ಅದೂ ಎಂಥ ದಿನ.

ಅವನ ಗ್ಯಾರೇಜು ಎಂದರೆ ಚಕ್ರ ಕಳಚಿದ ಒಂದು ತಗಡಿನ ಡಬ್ಬಿ ಬಂಡಿ. ಪಾಮಿರದಿಂದ ಇಳಿಯುವ ಲಾರಿ, ಚೀನಾ ಗಡಿಯಿಂದ ಬರುವ ಲಾರಿ, ನಮ್ಮ ಅಲಾಯ್ ಕಣಿವೆಯ ವ್ಯಾನು, ಯಾವುದೇ ಆಗಲಿ ಓಶ್ ಕಡೆ ಹೋಗಬೇಕಾದರೆ ಅವನ ಬಾಗಿಲ ಮುಂದೆ ಹಾದು ತಾಲ್ದಿಕ್ ಘಾಟಿ ಹತ್ತಬೇಕು. ಗಿಡ್ಡ ಆಳು, ಮಾತು ಕಡಿಮೆ. ಕೈ ತುಂಬ ಮಸಿ ಇದ್ದರೂ ತಲೆಯ ಮೇಲಿನ ಬಿಳಿ ಟೊಪ್ಪಿಗೆ ಒಂದು ಚುಕ್ಕೆ ತಾಗಿಸುತ್ತಿರಲಿಲ್ಲ.

ಹರೆಯದಲ್ಲಿ ಅವನೂ ಲಾರಿ ಓಡಿಸುತ್ತಿದ್ದ. ಒಮ್ಮೆ ಹಿಮ ಸುರಿಯುವಾಗ ಎಣ್ಣೆಯ ಕೆಂಪು ದೀಪ ಹತ್ತಿತಂತೆ. ಎಂಜಿನ್ನಿನಲ್ಲಿ ಎಣ್ಣೆಯ ಒತ್ತಡ ಬಿದ್ದರೆ ಹತ್ತಬೇಕಾದ ದೀಪ ಅದು. ನಮ್ಮ ಕಡೆ ಅದನ್ನು ಯಾರೂ ನಂಬುವುದಿಲ್ಲ. ಸೆನ್ಸರು ಆಗಾಗ ಕೆಡುತ್ತದೆ, ದೀಪ ಸುಮ್ಮನೆ ಹತ್ತುತ್ತದೆ, ತಂತಿ ಕಿತ್ತು ಮುಂದೆ ಹೋಗುತ್ತೇವೆ. ಅವನೂ ಕಿತ್ತ. ಆ ಸಲ ದೀಪ ನಿಜ ಹೇಳಿತ್ತು. ಘಾಟಿಯ ನೆತ್ತಿಯಲ್ಲಿ ಎಂಜಿನ್ ಹಿಡಿದುಕೊಂಡು ನಿಂತಿತು. ಜೊತೆಗಿದ್ದ ಅವನ ತಮ್ಮ ಯಾರನ್ನಾದರೂ ಕರೆತರುತ್ತೇನೆಂದು ನಡೆದು ಹೋದವನು, ಹಿಮ ಕರಗಿದ ಮೇಲೆ ಸಿಕ್ಕ. ಅಲ್ಲಿಂದಾಚೆಗೆ ಕಲ್ಮುರ್ಜಾ ಲಾರಿ ಹತ್ತಲಿಲ್ಲ.

ಅವನ ಸಂಕಟ ಅವನದು. ನನ್ನ ಅವ್ವನಿಗೆ ಅವಳದೇ ಇತ್ತು.

ಅವ್ವನಿಗೆ ಒಬ್ಬನೇ ಅಣ್ಣ, ತಾಶ್ಮಾಮತ್, ಘಾಟಿಯಾಚೆ ಗುಲ್ಚಾದಲ್ಲಿ. ಅಜ್ಜನ ಒಂದು ಹೆಣ್ಣುಕುದುರೆ ಯಾರಿಗೆ ಎಂಬ ಜಗಳದಲ್ಲಿ ನಾನು ಹುಟ್ಟುವ ಮೊದಲೇ ಮಾತು ಬಿಟ್ಟವರು. ಕುದುರೆ ಯಾವಾಗಲೋ ಸತ್ತಿತು, ಜಗಳ ಸಾಯಲಿಲ್ಲ. ಆ ಚಳಿಗಾಲದ ಕೊನೆಯಲ್ಲಿ ಒಬ್ಬ ಲಾರಿಯವನ ಕೈಲಿ ಸುದ್ದಿ ಬಂತು: ಅಣ್ಣ ಹಾಸಿಗೆ ಹಿಡಿದಿದ್ದಾನೆ, ತಂಗಿ ಬುರುಲ್ಚಾ ಬರಲಿ, ಇಬ್ಬರೂ ರಾಜಿ ಎಂದು ಬಾಯಿಂದ ಬಾಯಿಗೆ ಹೇಳಿಕೊಳ್ಳೋಣ ಎನ್ನುತ್ತಿದ್ದಾನೆ. ನಮ್ಮಲ್ಲಿ ಈ ಲೋಕ ಬಿಟ್ಟು ಹೊರಟವನು ಕೇಳುವ ಕೊನೆಯ ಮಾತು ಅದೇ. ಇನ್ನೊಬ್ಬರ ಬಾಯಲ್ಲಿ ಹೇಳಿಸಿದರೆ ನಡೆಯುವುದಿಲ್ಲ. ಕಣಿವೆಗೆ ಆಗ ಮೊಬೈಲ್ ಬಂದಿರಲಿಲ್ಲ.

ಬೆಳಿಗ್ಗೆ ವ್ಯಾನಿನ ಕೆಳಗೆ ಬೆಂಕಿಯುಗುಳುವ ಬ್ಲೋಲ್ಯಾಂಪ್ ಹಿಡಿದು ಎಂಜಿನ್ನಿನ ಎಣ್ಣೆತೊಟ್ಟಿ ಕಾಯಿಸಿದೆ. ಕಾಯಿಸದೆ ಅಲಾಯ್‌ನಲ್ಲಿ ಯಾರ ಗಾಡಿಯೂ ಏಳುವುದಿಲ್ಲ. ಸಾರಿ-ತಾಶ್ ಹತ್ತಿರ ಬರುವಾಗ ಕೆಂಪು ದೀಪ ಹತ್ತಿತು. ನಾನು ನೋಡಿಯೂ ನೋಡದವನಂತೆ ಓಡಿಸಿದೆ. ಅವ್ವನೇ ಅಂದಳು, "ಅದೇನೋ ಕೆಂಪಗೆ ಉರೀತಿದೆಯಲ್ಲೋ ಎರ್ಗೆಶ್. ಕಲ್ಮುರ್ಜಾಗೆ ಒಂದು ಸಲ ತೋರಿಸು."

ಅವನ ಬಾಗಿಲಲ್ಲಿ ನಿಲ್ಲಿಸಿ ಎಂಜಿನ್ ಚಾಲೂ ಇಟ್ಟೇ ಹೇಳಿದೆ, "ಬೈಕೆ, ಅಣ್ಣಾ, ಈ ದರಿದ್ರ ದೀಪದ ತಂತಿ ಕಿತ್ತುಬಿಡಿ. ಗುಲ್ಚಾದಲ್ಲಿ ಮಾವ ಸಾಯ್ತಿದ್ದಾನೆ. ಇಳಿಯೋಕೂ ಪುರುಸೊತ್ತಿಲ್ಲ."

ಅವನು ಕಿಟಕಿಯಿಂದ ಕೈ ತೂರಿಸಿ ಎಂಜಿನ್ ಆರಿಸಿದ. ಬೀಗದ ಕೈ ಕಿತ್ತುಕೊಂಡು ಕಿಸೆಗೆ ಹಾಕಿಕೊಂಡ.

"ತಮಾಷೆ ಬೇಡ, ಕೊಡಿ ಇಲ್ಲಿ."

"ಕೊಡ್ತೀನಿ ತಮ್ಮಾ. ನೋಡಿ ಕೊಡ್ತೀನಿ." ಅವ್ವನ ಕಡೆ ತಿರುಗಿ ಅಕ್ಕನನ್ನು ಕರೆಯುವಂತೆ ಅಂದ, "ಎಜೆ, ನೀವು ಒಳಗೆ ಒಲೆ ಹತ್ರ ಕೂತ್ಕೊಳ್ಳಿ."

ಅವ್ವ ಇಳಿಯಲಿಲ್ಲ.

ಮೊದಲು ಎಣ್ಣೆಯ ಕಡ್ಡಿ ಎಳೆದು ನೋಡಿದ, ಎಣ್ಣೆ ಸರಿಯಿತ್ತು. ಸೆನ್ಸರಿನ ತಂತಿ ಕಳಚಿ ಬೀಗದ ಕೈ ತಿರುಗಿಸಿದ, ದೀಪ ಹತ್ತಲಿಲ್ಲ.

"ಆಯ್ತಲ್ಲ, ಆರ್ತಲ್ಲ. ಹೋಗ್ಲಾ?"

"ತಂತಿ ಸರಿಯಿದೆ ಅಂತ ಮಾತ್ರ ಗೊತ್ತಾಯ್ತು. ಸೆನ್ಸರ್ ಸುಳ್ಳು ಹೇಳ್ತಿದೆಯೋ ನಿಜ ಹೇಳ್ತಿದೆಯೋ ಅನ್ನೋದು ಅದನ್ನ ಬಿಚ್ಚಿ ಮೀಟರ್ ಹಾಕಿದ್ರೇ ತಿಳಿಯೋದು."

"ಎಂಜಿನ್ ಸದ್ದು ಕೇಳಲಿಲ್ವಾ ನೀವು? ಬೆಣ್ಣೆ ಹಾಗಿದೆ."

"ನನ್ನ ಲಾರಿದೂ ಹಾಗೇ ಇತ್ತು."

ಅವನು ಗಾಡಿಯ ಕೆಳಗೆ ನುಸುಳಿದ. ಆದರೆ ಸೆನ್ಸರು ಬಿಚ್ಚಿಕೊಳ್ಳಲಿಲ್ಲ. ಸ್ಪ್ಯಾನರ್ ಹಾಕಿ ತುಸುವೇ ಒತ್ತುವುದು, ಡೀಸೆಲ್ ಸವರುವುದು, ಕಾಯುವುದು.

"ಜೋರಾಗಿ ತಿರುಗಿಸಿ ಬೈಕೆ. ಹೆಂಗಸರ ಹಾಗೆ ಸವರ್ತಾ ಕೂತಿದೀರಲ್ಲ."

"ಮುರಿದು ಒಳಗೇ ಉಳಿದ್ರೆ ಎಣ್ಣೆಯೆಲ್ಲ ರಸ್ತೆಗೆ. ಆಮೇಲೆ ಎಜೆನ ನೀನು ಬೆನ್ನ ಮೇಲೆ ಹೊತ್ಕೊಂಡು ಹೋಗು." ಅವನು ಕೆಳಗಿನಿಂದಲೇ ಹೇಳಿದ, "ದಿನಾ ಬೆಂಕಿ ಹಿಡಿದು ಇಲ್ಲೇ ಸುಟ್ಟಿದೀಯ. ಬ್ಲೋಲ್ಯಾಂಪು ಎಣ್ಣೆತೊಟ್ಟಿಗೆ ಹಿಡೀಬೇಕು ಕಣೋ, ಕಬಾಬ್ ಸುಡೋ ಹಾಗೆ ಎಲ್ಲಾ ಕಡೆ ಅಲ್ಲ."

"ಕಣಿವೇಲಿ ಎಲ್ಲರೂ ಹಾಗೇ ಹಿಡಿಯೋದು."

"ಅದಕ್ಕೇ ಕಣಿವೇಲಿ ಎಲ್ಲರ ದೀಪವೂ ಸುಳ್ಳು ಹೇಳೋದು."

ಹಾಗಾದರೆ ಸುಳ್ಳೇ ಎಂದು ಒಪ್ಪಿದಂತಾಯಿತಲ್ಲ ಎಂದು ನಾನು ಕೂಗಾಡಿದೆ. ಕಾಲು ಹಿಡಿದು ಹೊರಗೆಳೆಯಲು ಹೋದೆ ಕೂಡ. ಅವ್ವ ಕಿಟಕಿಯಿಂದ, "ಬಿಡೋ ಅವನನ್ನ, ಕೆಲಸ ಮಾಡ್ಲಿ," ಎಂದಳು. ಅವಳ ಮಡಿಲಲ್ಲಿ ಅಣ್ಣನಿಗೆಂದು ಬಟ್ಟೆಯಲ್ಲಿ ಸುತ್ತಿದ ಬೆಣ್ಣೆ ಇತ್ತು.

ಕಡೆಗೂ ಸೆನ್ಸರು ಕಳಚಿತು. ಆ ತೂತಿಗೆ ಒತ್ತಡ ಅಳೆಯುವ ಮುಳ್ಳಿನ ಮೀಟರ್ ತಿರುಗಿಸಿ ಎಂಜಿನ್ ಹಚ್ಚಿದ. ಮುಳ್ಳು ನೆಟ್ಟಗೆ ಎದ್ದಿತು. ನಾನು ಕೈ ಚಾಚಿದೆ. ಅವನು ತಲೆಯಾಡಿಸಿದ. ತಣ್ಣಗಿನ ಎಣ್ಣೆ ಯಾವಾಗಲೂ ಒಳ್ಳೇದೇ ಹೇಳುತ್ತದಂತೆ, ಚೆನ್ನಾಗಿ ಕಾಯ್ದ ಮೇಲೂ ಮುಳ್ಳು ನಿಂತರೆ ಮಾತ್ರ ನಂಬಬೇಕಂತೆ. ಎಂಜಿನ್ ಕಾಯುವವರೆಗೂ ನಾವು ಮೂವರೂ ಆ ಮುಳ್ಳನ್ನೇ ನೋಡುತ್ತಿದ್ದೆವು. ಅದು ಬೀಳಲಿಲ್ಲ.

ಅವನು ಡಬ್ಬದಲ್ಲಿ ಹುಡುಕಿ ಹೊಂದುವ ಸೆನ್ಸರು ತೆಗೆದ. ಎಣ್ಣೆ ಸೋರದಿರಲೆಂದು ನಾನು ನಲ್ಲಿಗೆ ಸುತ್ತುವ ಬಿಳಿ ಟೇಪು ಕೊಟ್ಟರೆ ಕೈಗೆ ಹೊಡೆದ. "ಇದನ್ನ ಸುತ್ತಿದ್ರೆ ಕರೆಂಟು ಕಬ್ಬಿಣಕ್ಕೆ ತಾಗಲ್ಲ. ದೀಪ ಇನ್ನು ಯಾವತ್ತೂ ಹತ್ತಲ್ಲ, ನೀನು ಸತ್ರೂ." ತಾಮ್ರದ ಬಿಲ್ಲೆ ಇಟ್ಟು ಬಿಗಿದ. ದೀಪ ಹತ್ತಿ, ಎಂಜಿನ್ ಏಳುತ್ತಲೇ ಆರಿತು. ಆಮೇಲೆ ಬೀಗದ ಕೈ ಕೊಟ್ಟ. ದುಡ್ಡು ತೆಗೆದರೆ ಮುಟ್ಟಲಿಲ್ಲ, ಸಾಯುವವರ ಹತ್ತಿರ ಹೊರಟ ಗಾಡಿಯದು ತನಗೆ ಹಲಾಲ್ ಅಲ್ಲ ಎಂದ.

ಘಾಟಿ ಹತ್ತಿ ಇಳಿದೆವು. ಗುಲ್ಚಾದ ಮಾವನ ಬೀದಿಗೆ ತಿರುಗಿದಾಗ ಅಂಗಳದಲ್ಲಿ ಗಂಡಸರು ಕಂಬಳಿ ಗುಡಾರ ಎಬ್ಬಿಸುತ್ತಿದ್ದರು. ಹಾಗೆ ಗುಡಾರ ಏಳುವುದು ಸತ್ತವರನ್ನು ಮಲಗಿಸಲು ಎಂದು ನಮ್ಮವರಿಗೆ ಹೇಳಬೇಕಾಗಿಲ್ಲ. ಅವ್ವ ಬೆಣ್ಣೆಯ ಗಂಟನ್ನು ಸೀಟಿನ ಮೇಲಿಟ್ಟು ತಲೆಗೂದಲು ಬಿಚ್ಚಿದಳು. ಅತ್ತೆ ಅವಳನ್ನು ತಬ್ಬಿ ಅಳುತ್ತ ಹೇಳಿದ್ದು ನನ್ನ ಕಿವಿಗೂ ಬಿತ್ತು: "ಈಗಿನ್ನೂ ಕೇಳ್ತಿದ್ದ ಕಣೇ, ವ್ಯಾನು ಬಂತಾ ಅಂತ."

ಅವ್ವ ಕಲ್ಮುರ್ಜಾನನ್ನು ಒಂದು ದಿನವೂ ಬೈಯಲಿಲ್ಲ. ನಾನು ಬೈದರೆ, "ಎಂಜಿನ್ ಸರಿಯಿತ್ತು ಅಂತ ಬಿಚ್ಚಿದ ಮೇಲೆ ತಾನೇ ನಿನಗೂ ಗೊತ್ತಾಗಿದ್ದು?" ಎನ್ನುತ್ತಿದ್ದಳು. ಅದು ನನಗೂ ಗೊತ್ತು. ಗೊತ್ತಿದ್ದ ಮಾತ್ರಕ್ಕೆ ಹೊಟ್ಟೆಯ ಉರಿ ಆರುತ್ತದೆಯೇ? ಆಮೇಲೆ ಅವನ ಬಾಗಿಲಲ್ಲಿ ನಾನು ಗಾಡಿ ನಿಲ್ಲಿಸಲಿಲ್ಲ. ಸಂತೆಯಲ್ಲಿ ಎದುರಾದರೆ ಅವನೇ ಮೊದಲು ಸಲಾಮು ಹೇಳುತ್ತಿದ್ದ, ನಾನು ಕುರಿಯ ಹಲ್ಲು ನೋಡುತ್ತ ನಿಲ್ಲುತ್ತಿದ್ದೆ. ಅವ್ವ ತೀರಿಕೊಂಡಾಗ ಬಂದು ಗುಂಡಿ ತೋಡಿದವರಲ್ಲಿ ಅವನೂ ಇದ್ದ. ಆಗಲೂ ಮಾತಾಡಿಸಲಿಲ್ಲ.

ಹೋದ ವರ್ಷ ಅವನು ಸತ್ತ. ಲಾರಿಗಳು ಸಾಲಾಗಿ ನಿಂತಿದ್ದವು, ನಾನೂ ಹೋಗಿ ಹಿಂದಿನ ಸಾಲಿನಲ್ಲಿ ನಿಂತೆ. ಸತ್ತವರಿಗಾಗಿ ಮಾಡುವ ಜನಾಜಾ ನಮಾಜಿಗೆ ಮುಂಚೆ ಅವನ ಮಗ ಎಲ್ಲರ ಎದುರಿಗೆ ಬಂದು ಪದ್ಧತಿಯಂತೆ ಕೇಳಿದ: "ನಮ್ಮಪ್ಪ ಯಾರಿಗಾದ್ರೂ ಕೊಡೋದಿದ್ರೆ ನನ್ನ ಕೇಳಿ. ಅಪ್ಪನಿಗೆ ಯಾರಾದ್ರೂ ಕೊಡೋದಿದ್ರೆ ಅದನ್ನ ಬಿಟ್ಟಿದೀವಿ."

ನನಗೆ ಸಿಟ್ಟು ಬಂತು. ಬಿಡುವುದಕ್ಕೆ ಇವನು ಯಾರು? ಅವ್ವ ಕೇಳದೆ ಹೋದ ಆ ರಾಜಿಯ ಮಾತು ನನಗೆ ಅವನಿಂದ ಬರಬೇಕಿತ್ತು, ಸಂತೆಯ ಅಷ್ಟೂ ಸಲಾಮು ನಾನು ಅವನಿಗೆ ಕೊಡಬೇಕಿತ್ತು. ಜನ ನಮಾಜಿಗೆ ಸಾಲು ಕೂಡಿದರು, ನಾನೂ ಕೂಡಿದೆ.